ಬಾಡಿಗೆದಾರರಿರುವ ಮನೆ ಕೊಂಡಿದ್ದೀರಾ? ಖಾಲಿ ಮಾಡಿಸುವ ಸರಿಯಾದ ದಾರಿ ಇಲ್ಲಿದೆ

"ಮನೆ ಕೊಂಡಾಯ್ತು, ರಿಜಿಸ್ಟ್ರೇಷನ್ನೂ ಆಯ್ತು. ಒಳಗಿರೋ ಬಾಡಿಗೆಯವರು ಮಾತ್ರ ಹೋಗ್ತಿಲ್ಲ. ಈಗ ಓನರ್ ನಾನೇ ಅಲ್ವಾ, ಖಾಲಿ ಮಾಡಿ ಅಂತ ಹೇಳೋಕೆ ನನಗೆ ಹಕ್ಕಿಲ್ವಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದಕ್ಕೇ ಒಂದೇ ಕಡೆ ಬಿಡಿಸಿ ಬರೆಯುತ್ತಿದ್ದೇನೆ.

ಉತ್ತರದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಬಾಡಿಗೆದಾರರಿರುವ ಮನೆ ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ಹೋಗಿ ನಿಲ್ಲುತ್ತಾರೆ. ಅವರಿಗಿದ್ದ ಹಕ್ಕು ನಿಮಗೆ ಬರುತ್ತದೆ, ಅವರ ಮೇಲಿದ್ದ ಹೊಣೆಯೂ ಬರುತ್ತದೆ. ಅವರು ಖಾಲಿ ಮಾಡಿಸಬಹುದಾಗಿದ್ದರೆ ನೀವೂ ಮಾಡಿಸಬಹುದು. ಅವರಿಂದ ಆಗದಿದ್ದರೆ, ಮನೆ ಕೈ ಬದಲಾಯಿತು ಎಂಬ ಒಂದೇ ಕಾರಣಕ್ಕೆ ನಿಮ್ಮಿಂದಲೂ ಆಗುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಂ ಹೇಳುವುದು ಇದನ್ನೇ. ಮಾರಾಟದಿಂದ ಬಾಡಿಗೆ ಕರಾರು ಮುರಿದು ಬೀಳುವುದಿಲ್ಲ.

ಇಲ್ಲಿ ಬರೆದಿರುವುದು ಕರ್ನಾಟಕದಲ್ಲಿರುವ ವಾಸದ ಮನೆಗಳ ಬಗ್ಗೆ ಮಾತ್ರ. ಅಂಗಡಿ, ಗೋಡೌನುಗಳ ವಿಷಯ ಬೇರೆ. ಬಾಡಿಗೆ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಮುಂಬೈಯಲ್ಲೋ ಚೆನ್ನೈಯಲ್ಲೋ ಮನೆ ಕೊಂಡವರು ಇದನ್ನೇ ನಂಬಿ ಹೊರಡಬೇಡಿ.

ಹಂತ 1: ನಿಮ್ಮ ಮನೆಗೆ ಯಾವ ಕಾನೂನು ಅಂತ ತಿಳಿದುಕೊಳ್ಳಿ

ಇದು ಗೊತ್ತಾಗದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ. ಕರ್ನಾಟಕದಲ್ಲಿ ಎರಡು ದಾರಿಗಳಿವೆ.

ಮೊದಲನೆಯದು ಕರ್ನಾಟಕ ಬಾಡಿಗೆ ಕಾಯ್ದೆ, 1999. ಇದು ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ, ಅಂದರೆ ಕಾಯ್ದೆಯ ಮೊದಲ ಅನುಸೂಚಿಯ ಎ ಭಾಗದಲ್ಲಿರುವ ಪ್ರದೇಶಗಳಲ್ಲಿ, ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ್ದರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಉಳಿದ ಕಡೆ ಈ ಮಿತಿ 2,000 ರೂಪಾಯಿ. ಇವತ್ತಿನ ಬಾಡಿಗೆಗಳನ್ನು ನೋಡಿದರೆ ಹೆಚ್ಚಿನ ಮನೆಗಳು ಈ ಕಾಯ್ದೆಯ ಹೊರಗೇ ಉಳಿಯುತ್ತವೆ. ಆದರೆ ಪೇಟೆ ಬೀದಿಗಳ ಹಳೆಯ ಮನೆಗಳು, ವಠಾರಗಳು, ಅಜ್ಜನ ಕಾಲದ ಬಾಡಿಗೆಯನ್ನೇ ಕೊಡುತ್ತಿರುವ ಸಂಸಾರಗಳು ಇನ್ನೂ ಇದರ ಒಳಗೆ ಬರಬಹುದು.

ಕಾಯ್ದೆಯ ಒಳಗೆ ಬಂದರೆ ಬಾಡಿಗೆದಾರರಿಗೆ ಗಟ್ಟಿ ರಕ್ಷಣೆ ಇದೆ. 27ನೇ ಕಲಂನಲ್ಲಿ ಹೇಳಿರುವ ಕಾರಣಗಳಲ್ಲಿ ಒಂದನ್ನಾದರೂ ನೀವು ಸಾಬೀತು ಮಾಡಬೇಕು. ಬಾಕಿ ಬಾಡಿಗೆ ಕೇಳಿ ನೋಟಿಸ್ ಕೊಟ್ಟು ಎರಡು ತಿಂಗಳಾದರೂ ಕಟ್ಟದಿರುವುದು, ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಒಳಬಾಡಿಗೆ ಕೊಟ್ಟಿರುವುದು, ನಿಮಗೋ ನಿಮ್ಮ ಮನೆಯವರಿಗೋ ವಾಸಕ್ಕೆ ನಿಜಕ್ಕೂ ಆ ಮನೆ ಬೇಕಾಗಿರುವುದು, ಇವು ಮುಖ್ಯವಾದವು. ಸ್ವಂತ ವಾಸಕ್ಕೆ ಬೇಕು ಅನ್ನುವವರಿಗೆ ಬೇರೆ ಅನುಕೂಲವಾದ ಮನೆ ಇರಬಾರದು ಎಂಬ ಷರತ್ತೂ ಇದೆ. ಇನ್ನೊಂದು ವಿಷಯ ಗಮನಿಸಿ. ಮನೆ ಕೊಂಡವರು ಸ್ವಂತ ವಾಸದ ಕಾರಣ ಕೊಟ್ಟು ಅರ್ಜಿ ಹಾಕಲು ಇಷ್ಟು ಸಮಯ ಕಾಯಬೇಕು ಎಂಬ ನಿಯಮ ಬಾಡಿಗೆ ಕಾಯ್ದೆಗಳಿಗೆ ಹೊಸದಲ್ಲ. ದೆಹಲಿಯ 1958ರ ಕಾಯ್ದೆಯಲ್ಲಿ ಅದು ಐದು ವರ್ಷ. ಹಾಗಾಗಿ ಕಡಿಮೆ ಬಾಡಿಗೆಯ ಹಳೆ ಮನೆ ಕೊಳ್ಳುವವರು ವಕೀಲರಿಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು: "ಕೊಂಡ ಎಷ್ಟು ದಿನಕ್ಕೆ ಅರ್ಜಿ ಹಾಕಬಹುದು?" ಕಲಂ ತೆಗೆಸಿ, ಓದಿಸಿ, ಕೇಳಿ ತಿಳಿದುಕೊಳ್ಳಿ.

ಎರಡನೆಯ ದಾರಿ ಆಸ್ತಿ ವರ್ಗಾವಣೆ ಕಾಯ್ದೆ. ಬಾಡಿಗೆ ಮಿತಿ ದಾಟಿದ ಮನೆಗಳೆಲ್ಲ ಇದರ ಕೆಳಗೆ ಬರುತ್ತವೆ. ಇಲ್ಲಿ ಖಾಲಿ ಮಾಡಿಸಲು ಕಾರಣ ಕೊಡಬೇಕಾಗಿಲ್ಲ. ಕರಾರಿನ ಅವಧಿ ಮುಗಿದಿರಬೇಕು, ಇಲ್ಲವೇ ಸರಿಯಾದ ನೋಟಿಸ್ ಕೊಟ್ಟು ಬಾಡಿಗೆಯನ್ನು ಕೊನೆಗೊಳಿಸಿರಬೇಕು, ಅಷ್ಟೇ. ಮುಂದೆ ಹೇಳುವ ಹಂತಗಳು ಬಹುತೇಕ ಈ ದಾರಿಯವು.

2021ರ ಮಾದರಿ ಬಾಡಿಗೆ ಕಾಯ್ದೆಯ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಅದು ಕೇಂದ್ರ ಸರ್ಕಾರ ರಾಜ್ಯಗಳ ಮುಂದಿಟ್ಟ ಮಾದರಿ. ರಾಜ್ಯ ತನ್ನದೇ ಕಾನೂನು ಮಾಡಿ ಅಳವಡಿಸಿಕೊಳ್ಳದೆ ಅದರ ನಿಯಮಗಳನ್ನು ಕೋರ್ಟಿನಲ್ಲಿ ಹಿಡಿದು ವಾದಿಸಲು ಬರುವುದಿಲ್ಲ.

ಹಂತ 2: ದುಡ್ಡು ಕೊಡುವ ಮುಂಚೆಯೇ ಅರ್ಧ ಕೆಲಸ ಮುಗಿಸಿ

ಇನ್ನೂ ಕ್ರಯ ಆಗಿಲ್ಲದಿದ್ದರೆ ನೀವು ಅದೃಷ್ಟವಂತರು. ಮನೆ ಖಾಲಿ ಮಾಡಿಸುವ ತೊಂದರೆಯಲ್ಲಿ ದೊಡ್ಡ ಪಾಲು ಇಲ್ಲಿಯೇ ಬಗೆಹರಿಯುತ್ತದೆ.

ಮನೆಯೊಳಗೆ ಹೋಗಿ, ಅಲ್ಲಿರುವವರನ್ನು ನೀವೇ ಮಾತಾಡಿಸಿ. ಬ್ರೋಕರ್ ಹೇಳಿದ್ದು, ಮಾಲೀಕರು ಹೇಳಿದ್ದು ಸಾಲದು. ಎಷ್ಟು ವರ್ಷದಿಂದ ಇದ್ದೀರಿ, ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀರಿ, ಕರಾರು ಪತ್ರ ಇದೆಯಾ, ಯಾರ ಹೆಸರಿನಲ್ಲಿದೆ ಅಂತ ಕೇಳಿ. ಇದು ಸುಮ್ನೆ ಕುಶಲೋಪರಿ ಅಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 3ನೇ ಕಲಂ ಪ್ರಕಾರ, ಒಂದು ಆಸ್ತಿ ಯಾರ ಸ್ವಾಧೀನದಲ್ಲಿದೆಯೋ ಅವರಿಗೆ ಅದರಲ್ಲಿ ಏನು ಹಕ್ಕಿದೆ ಎಂಬುದು ಕೊಳ್ಳುವವರಿಗೆ ಗೊತ್ತಿತ್ತು ಅಂತಲೇ ಲೆಕ್ಕ. "ನನಗೆ ಯಾರೂ ಹೇಳಲಿಲ್ಲ" ಅನ್ನುವ ಮಾತು ಆಮೇಲೆ ನಡೆಯುವುದಿಲ್ಲ.

ಕರಾರು ಪತ್ರದ ಪ್ರತಿ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ನಾಲ್ಕು ವಿಷಯ ನೋಡಿ: ಅವಧಿ, ನೋಟಿಸ್ ಎಷ್ಟು ದಿನದ್ದು, ನೋಂದಣಿ ಆಗಿದೆಯೋ ಇಲ್ಲವೋ, ವಿವಾದ ಬಂದರೆ ಕೋರ್ಟಿನ ಬದಲು ಪಂಚಾಯ್ತಿದಾರರ ಮುಂದೆ ಹೋಗಬೇಕೆಂಬ (ಆರ್ಬಿಟ್ರೇಷನ್) ಷರತ್ತು ಇದೆಯೋ ಇಲ್ಲವೋ. ಇಂಥ ಷರತ್ತಿದ್ದರೆ ಗಮನ ಇರಲಿ. ಆಸ್ತಿ ವರ್ಗಾವಣೆ ಕಾಯ್ದೆಯಡಿ ಬರುವ ಬಾಡಿಗೆ ವಿವಾದಗಳನ್ನು ಆರ್ಬಿಟ್ರೇಷನ್‌ಗೆ ಒಪ್ಪಿಸಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿದ್ಯಾ ದ್ರೋಲಿಯಾ ಪ್ರಕರಣದಲ್ಲಿ ಹೇಳಿದೆ. ನೀವು ನೇರ ಕೋರ್ಟಿಗೆ ಹೋದರೆ ಎದುರಿನವರು ಇದನ್ನೇ ಎತ್ತುತ್ತಾರೆ.

ನಮ್ಮಲ್ಲಿ 11 ತಿಂಗಳ ಕರಾರೇ ಹೆಚ್ಚು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲು ಜನ ಹಿಡಿದ ದಾರಿ ಇದು. ಮೂರು ವರ್ಷಕ್ಕೆ ಅಂತ ಬರೆದು ನೋಂದಾಯಿಸದೆ ಬಿಟ್ಟಿದ್ದರೆ, ಆ ಮೂರು ವರ್ಷದ ಅವಧಿಯನ್ನು ಹಿಡಿದು ಕೂರಲು ಬಾಡಿಗೆದಾರರಿಗೆ ಆಗುವುದಿಲ್ಲ. ಕಾನೂನು ಅದನ್ನು ತಿಂಗಳ ಬಾಡಿಗೆ ಅಂತ ನೋಡುತ್ತದೆ. ಆದರೆ ನೋಂದಣಿಯಾದ ಮೂರು ವರ್ಷದ ಕರಾರಿದ್ದು, ಅದರಲ್ಲಿ ಇನ್ನೂ ಒಂದು ವರ್ಷ ಉಳಿದಿದ್ದರೆ, ನೀವು ಆ ಒಂದು ವರ್ಷ ಕಾಯಲೇಬೇಕು. ನಡುವೆ ಬಿಡಿಸಬೇಕಾದರೆ ಅದಕ್ಕೆ ಕರಾರಿನಲ್ಲೇ ಅವಕಾಶ ಇರಬೇಕು.

ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿ. ನೋಂದಣಿಯಾದ ಗುತ್ತಿಗೆಯೋ ಅಡಮಾನವೋ ಇದ್ದರೆ ಅದರಲ್ಲಿ ಕಾಣುತ್ತದೆ. ನೋಂದಣಿಯಾಗದ್ದು ಯಾವುದೂ ಅದರಲ್ಲಿ ಕಾಣುವುದಿಲ್ಲ. ಇ.ಸಿ. ಶುದ್ಧವಾಗಿದೆ ಅಂದ ಮಾತ್ರಕ್ಕೆ ಮನೆ ಖಾಲಿ ಇದೆ ಅಂತಲ್ಲ.

ಇನ್ನು ಕ್ರಯದ ಕರಾರು. ಖಾಲಿ ಮನೆಯೇ ಬೇಕಾದರೆ "ಖಾಲಿ ಸ್ವಾಧೀನ ಕೊಟ್ಟ ಮೇಲೆಯೇ ನೋಂದಣಿ" ಅಂತ ಬರೆಸಿ. ಮಾರುವವರು "ನೀವು ರಿಜಿಸ್ಟರ್ ಮಾಡಿಸ್ಕೊಳ್ಳಿ, ಒಂದು ತಿಂಗಳಲ್ಲಿ ಅವರು ಹೋಗ್ತಾರೆ" ಅಂದರೆ, ಕೊಡಬೇಕಾದ ಹಣದಲ್ಲಿ ಸಾಕಷ್ಟು ದೊಡ್ಡ ಪಾಲನ್ನು ಉಳಿಸಿಕೊಳ್ಳಿ, ಅದನ್ನು ಕಾಗದದಲ್ಲಿ ಬರೆಸಿ. ಪೂರ್ತಿ ಹಣ ಕೈಸೇರಿದ ಮೇಲೆ ಮಾರಿದವರಿಗೆ ನಿಮ್ಮ ಬಾಡಿಗೆದಾರರ ಚಿಂತೆ ಉಳಿದಿರುವುದು ಅಪರೂಪ.

ಬಾಡಿಗೆದಾರರ ಸಮೇತ ಕೊಳ್ಳುವುದಾದರೆ ಕ್ರಯಪತ್ರದಲ್ಲಿ ಇವು ಇರಲಿ:

- ಬಾಡಿಗೆದಾರರ ಹೆಸರು, ಬಾಡಿಗೆ, ಕರಾರಿನ ದಿನಾಂಕ.
- ಅಡ್ವಾನ್ಸ್ ಹಣ ಎಷ್ಟು, ಅದನ್ನು ಕ್ರಯದ ಹಣದಲ್ಲಿ ಮುರಿದುಕೊಳ್ಳಲಾಗಿದೆ ಎಂಬ ಮಾತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಹಿಡಿಯುವ ವಾಡಿಕೆ ಇತ್ತು, ಹಳೆಯ ಕರಾರುಗಳಲ್ಲಿ ಅದು ಸಣ್ಣ ಮೊತ್ತ ಅಲ್ಲ. ಮನೆ ಬಿಡುವ ದಿನ ಬಾಡಿಗೆದಾರರು ಕೈ ಚಾಚುವುದು ನಿಮ್ಮ ಮುಂದೆಯೇ.
- ಹಳೆ ಬಾಕಿ ಇದ್ದರೆ, ಅದನ್ನು ವಸೂಲಿ ಮಾಡುವ ಹಕ್ಕನ್ನು ನಿಮಗೆ ವಹಿಸಿಕೊಟ್ಟಿದ್ದಾರೆ ಎಂಬ ಮಾತು. ಹೀಗೆ ಬರೆಸದಿದ್ದರೆ ಕ್ರಯಕ್ಕಿಂತ ಹಿಂದಿನ ಬಾಕಿ ಕೇಳುವ ಹಕ್ಕು ನಿಮಗಿಲ್ಲ. 109ನೇ ಕಲಂನಲ್ಲೇ ಇದು ಸ್ಪಷ್ಟವಾಗಿದೆ.

ಕೆಲವು ಸಲ ಬಾಡಿಗೆದಾರರು "ಈ ಮನೆ ನಮಗೇ ಕೊಡ್ತೀನಿ ಅಂತ ಓನರ್ ಹೇಳಿದ್ರು, ದುಡ್ಡೂ ಕೊಟ್ಟಿದ್ದೀವಿ" ಅನ್ನುತ್ತಾರೆ. ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಗದ ಕೇಳಿ. ಅದು ಇತ್ಯರ್ಥವಾಗದೆ ಕ್ರಯಕ್ಕೆ ಕೈ ಹಾಕಬೇಡಿ.

ಹಂತ 3: ಭೋಗ್ಯಕ್ಕೆ ಕೊಟ್ಟ ಮನೆಯಾದರೆ ಇಲ್ಲೇ ನಿಲ್ಲಿ

ನಮ್ಮ ರಾಜ್ಯದ ಊರೂರಲ್ಲೂ ಇರುವ ಪದ್ಧತಿ ಇದು. ಬಾಯಿಮಾತಿನಲ್ಲಿ "ಲೀಸ್‌ಗೆ ಹಾಕಿದ್ದೀವಿ" ಅನ್ನುತ್ತೇವೆ. ಮನೆಗೆ ಬರುವವರು ಒಂದೇ ಸಲ ಲಕ್ಷಗಟ್ಟಲೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುತ್ತಾರೆ. ಹೋಗುವಾಗ ಅಷ್ಟೂ ಹಣ ವಾಪಸ್ ಪಡೆಯುತ್ತಾರೆ.

ಇದನ್ನು ಸ್ವಾಧೀನ ಅಡಮಾನ, ಅಂದರೆ ಮನೆಯನ್ನು ಅನುಭವಕ್ಕೆ ಬಿಟ್ಟುಕೊಡುವ ಅಡಮಾನ ಅಂತ ನೋಂದಾಯಿಸಿದ್ದರೆ, ಹಣ ಕೈಗೆ ಬರುವವರೆಗೂ ಮನೆಯಲ್ಲಿ ಇರುವ ಹಕ್ಕು ಅವರಿಗಿದೆ. ನೋಟಿಸ್ ಕೊಟ್ಟು ಬಿಡಿಸಲು ಆಗುವುದಿಲ್ಲ. ಹಣ ಕಟ್ಟಿಯೇ ಬಿಡಿಸಿಕೊಳ್ಳಬೇಕು. ಸುಮ್ಮನೆ ಛಾಪಾ ಕಾಗದದ ಮೇಲೆ ಬರೆದುಕೊಂಡಿದ್ದರೆ, ಅದು ಬಾಡಿಗೆಯೋ ಅಡಮಾನವೋ ಎಂಬುದೇ ಮೊದಲ ಜಗಳ ಆಗುತ್ತದೆ. ಆ ಜಗಳ ಮುಗಿಯುವವರೆಗೆ ಮನೆ ನಿಮಗೆ ಸಿಗುವುದಿಲ್ಲ.

ನನ್ನ ಸಲಹೆ ಇಷ್ಟೇ. ಭೋಗ್ಯದ ಹಣ ಎಷ್ಟಿದೆಯೋ ಅಷ್ಟನ್ನೂ ಕ್ರಯದ ಹಣದಿಂದ ತೆಗೆದಿಡಿ. ನೋಂದಣಿಯ ದಿನವೇ, ಮೂವರೂ ಎದುರಿಗಿರುವಾಗ, ಬ್ಯಾಂಕ್ ಮೂಲಕ ನೇರವಾಗಿ ಭೋಗ್ಯದವರಿಗೆ ಕೊಟ್ಟು, ಬೀಗದ ಕೈ ಪಡೆದು, ರಸೀದಿ ಬರೆಸಿಕೊಳ್ಳಿ. ಅಡಮಾನ ನೋಂದಣಿಯಾಗಿದ್ದರೆ ಅದರ ಖುಲಾಸೆ ಪತ್ರವೂ ನೋಂದಣಿಯಾಗಬೇಕು. ಭೋಗ್ಯದ ಹಣವನ್ನು ಹಳೆಯ ಮಾಲೀಕರ ಕೈಗೆ ಕೊಟ್ಟು "ನೀವೇ ಅವರಿಗೆ ಕೊಡಿ" ಅನ್ನುವುದು ಬೇಡವೇ ಬೇಡ.

ಇನ್ನೊಂದು ಎಚ್ಚರಿಕೆ. ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಹಿಡಿದು, ಅದನ್ನೇ ಬೇರೆ ಸಂಸಾರಕ್ಕೆ ಲೀಸ್‌ಗೆ ಕೊಟ್ಟು ಲಕ್ಷಗಟ್ಟಲೆ ಹಣ ಎತ್ತುವ ಮಧ್ಯವರ್ತಿಗಳಿದ್ದಾರೆ. ಬೆಂಗಳೂರಿನಲ್ಲಿ ಇಂಥ ವಂಚನೆಯ ಪ್ರಕರಣಗಳು ಪೊಲೀಸರ ಮುಂದೆ ಬಂದಿವೆ. ಮಾಲೀಕರ ಲೆಕ್ಕದಲ್ಲಿ ಬಾಡಿಗೆದಾರರು ಒಬ್ಬರು, ಮನೆಯೊಳಗಿರುವವರು ಇನ್ನೊಬ್ಬರು. ಮನೆಯೊಳಗೆ ಹೋಗಿ ಮಾತಾಡಿಸಿ ಅಂದದ್ದು ಇದಕ್ಕೂ ಸೇರಿಸಿ.

ಹಂತ 4: ನೋಂದಣಿಯಾದ ಕೂಡಲೇ ಬಾಡಿಗೆದಾರರಿಗೆ ಪತ್ರ ಕೊಡಿ

ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಮನೆ ಮಾರಾಟವಾದದ್ದು ಗೊತ್ತಿಲ್ಲದೆ ಬಾಡಿಗೆದಾರರು ಹಳೆಯ ಮಾಲೀಕರಿಗೇ ಬಾಡಿಗೆ ಕೊಟ್ಟರೆ, ಅದನ್ನು ನೀವು ಇನ್ನೊಮ್ಮೆ ಕೇಳುವ ಹಾಗಿಲ್ಲ. ಆದ್ದರಿಂದ ಪತ್ರ ತಡ ಆಗಬಾರದು. ಹೀಗೆ ಬರೆಯಬಹುದು:

"ನೀವು ವಾಸವಾಗಿರುವ ಈ ಮನೆಯನ್ನು ನಾನು ಇಂಥ ದಿನಾಂಕದ ಕ್ರಯಪತ್ರದ ಮೂಲಕ ಇಂಥವರಿಂದ ಕೊಂಡಿದ್ದೇನೆ. ಮುಂದಿನ ತಿಂಗಳಿನಿಂದ ಬಾಡಿಗೆಯನ್ನು ಈ ಬ್ಯಾಂಕ್ ಖಾತೆಗೆ ಕಟ್ಟಿರಿ. ನೀವು ಕೊಟ್ಟಿರುವ ಅಡ್ವಾನ್ಸ್ ಇಷ್ಟು ರೂಪಾಯಿ ನನ್ನ ಬಳಿ ಬಂದಿದೆ. ಕ್ರಯಪತ್ರದ ಪ್ರತಿ ಲಗತ್ತಿಸಿದೆ."

ಜೊತೆಗೆ ಹಳೆಯ ಮಾಲೀಕರಿಂದಲೂ ಇದೇ ಅರ್ಥದ ಒಂದು ಪತ್ರ ಕೊಡಿಸಿ. ಎರಡರ ಮೇಲೂ ಬಾಡಿಗೆದಾರರ ಸಹಿ ಸಿಕ್ಕರೆ ಬಹಳ ಒಳ್ಳೆಯದು. ನಿಮ್ಮನ್ನು ಹೊಸ ಮಾಲೀಕರು ಅಂತ ಅವರು ಒಪ್ಪಲೇಬೇಕೆಂದಿಲ್ಲ, ಅವರ ಒಪ್ಪಿಗೆ ಇಲ್ಲದೆಯೂ ಹಕ್ಕು ನಿಮಗೆ ಬಂದೇ ಬರುತ್ತದೆ. ಆದರೆ ಒಮ್ಮೆ ಒಪ್ಪಿ ನಿಮಗೆ ಬಾಡಿಗೆ ಕಟ್ಟಿದರೆ, ಆಮೇಲೆ "ನೀವು ಯಾರು, ನಿಮಗೇನು ಹಕ್ಕು" ಅಂತ ಕೋರ್ಟಿನಲ್ಲಿ ತಕರಾರು ತೆಗೆಯುವುದು ಅವರಿಗೆ ಕಷ್ಟ. ಖಾತಾ, ವಿದ್ಯುತ್ ಮೀಟರು, ಆಸ್ತಿ ತೆರಿಗೆ ಕೂಡ ಬೇಗ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಹಂತ 5: ಮೊದಲು ಕೂತು ಮಾತಾಡಿ

ಒಳಗಿರುವವರಿಗೂ ಇದು ಬದುಕಿನ ಪ್ರಶ್ನೆ. ಮಕ್ಕಳ ಶಾಲೆ ಹತ್ತಿರದಲ್ಲಿರುತ್ತದೆ, ವಯಸ್ಸಾದ ಅಪ್ಪ ಅಮ್ಮ ಇರುತ್ತಾರೆ, ಹೊಸ ಮನೆಗೆ ಅಡ್ವಾನ್ಸ್ ಹೊಂದಿಸಬೇಕು. ಹಳೆಯ ಮಾಲೀಕರು ಎಷ್ಟೋ ಸಲ ಮಾರಾಟದ ಸುದ್ದಿಯನ್ನೇ ಅವರಿಗೆ ಹೇಳಿರುವುದಿಲ್ಲ. ಮೊದಲ ಭೇಟಿಯಲ್ಲೇ ಜೋರು ಮಾಡಿದರೆ ಆಗುವ ಕೆಲಸವೂ ಕೆಡುತ್ತದೆ.

ಸಮಯ ನೋಡಿ ಕೇಳಿ. ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದಾಗ ಮನೆ ಬದಲಾಯಿಸಲು ಹೆಚ್ಚಿನವರು ಒಪ್ಪುತ್ತಾರೆ. ಆಷಾಢದಲ್ಲೋ ಧನುರ್ಮಾಸದಲ್ಲೋ ಹೊಸ ಮನೆಗೆ ಹಾಲುಕ್ಕಿಸಲು ಬಹಳ ಜನ ಒಪ್ಪುವುದಿಲ್ಲ. ಆ ತಿಂಗಳ ಮಧ್ಯಕ್ಕೆ ಗಡುವು ಕೊಟ್ಟು ಜಗಳ ಮಾಡುವುದಕ್ಕಿಂತ ಒಂದು ತಿಂಗಳು ಮುಂದೆ ಹಾಕುವುದು ಲೇಸು. ಅಡ್ವಾನ್ಸಿನಲ್ಲಿ ಒಂದು ಭಾಗವನ್ನು ಮೊದಲೇ ಕೊಟ್ಟರೆ ಅವರು ಬೇರೆ ಮನೆ ಹಿಡಿಯಲು ಅನುಕೂಲ. ಒಂದೆರಡು ತಿಂಗಳ ಬಾಡಿಗೆ ಬಿಟ್ಟುಕೊಡುವುದು, ಸಾಗಣೆ ಖರ್ಚು ಕೊಡುವುದು ನಿಮಗೆ ಅನ್ಯಾಯ ಅನಿಸಬಹುದು. ಕೋರ್ಟಿನಲ್ಲಿ ಕಳೆಯುವ ವರ್ಷಗಳ ಮುಂದೆ ಅದು ಕಡಿಮೆಯೇ.

ಒಪ್ಪಂದವಾದರೆ ಬರೆದುಕೊಳ್ಳಿ. ಇಂಥ ದಿನ ಖಾಲಿ ಮಾಡುತ್ತೇವೆ, ಇಷ್ಟು ಹಣ ಇಂಥ ದಿನ ಕೊಡುತ್ತೇವೆ ಅಂತ ಇಬ್ಬರೂ ಸಹಿ ಹಾಕಿ. ಇನ್ನೂ ಗಟ್ಟಿ ಬೇಕಾದರೆ ಲೋಕ ಅದಾಲತ್‌ನಲ್ಲಿ ರಾಜಿ ದಾಖಲಿಸಿ. ಕೇಸು ಹಾಕುವ ಮುಂಚೆಯೂ ಅಲ್ಲಿಗೆ ಹೋಗಬಹುದು. ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ, ಅಂದರೆ ದಾವೆಯ ತೀರ್ಪಿನ ಆದೇಶದಷ್ಟೇ, ಬೆಲೆ ಇದೆ. ಮಾತು ತಪ್ಪಿದರೆ ಹೊಸ ದಾವೆ ಹಾಕಬೇಕಾಗಿಲ್ಲ, ನೇರವಾಗಿ ಜಾರಿ ಮಾಡಿಸಬಹುದು.

ಹಂತ 6: ನೋಟಿಸ್

ಮಾತು ಫಲಿಸದಿದ್ದರೆ ನೋಟಿಸ್. ಇದನ್ನು ವಕೀಲರಿಂದಲೇ ಬರೆಸಿ. ಇಲ್ಲಿ ಆಗುವ ಸಣ್ಣ ತಪ್ಪು ಮುಂದೆ ದಾವೆಯನ್ನೇ ಅಲುಗಾಡಿಸಬಹುದು.

ತಿಂಗಳ ಬಾಡಿಗೆಯ ಮನೆಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಸಾಕು. ಆದರೆ ಕರಾರಿನಲ್ಲಿ ಎರಡು ತಿಂಗಳು, ಮೂರು ತಿಂಗಳು ಅಂತ ಬರೆದಿದ್ದರೆ ಅದೇ ನಡೆಯುತ್ತದೆ. 15 ದಿನ ಎಣಿಸುವುದು ನೋಟಿಸ್ ಅವರ ಕೈ ಸೇರಿದ ದಿನದಿಂದ, ನೀವು ಅಂಚೆಗೆ ಹಾಕಿದ ದಿನದಿಂದ ಅಲ್ಲ. ಮೊದಲೆಲ್ಲ ನೋಟಿಸಿನ ಗಡುವು ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕಿತ್ತು. ಒಂದು ದಿನ ಹೆಚ್ಚು ಕಡಿಮೆಯಾಗಿ ಕೇಸುಗಳು ಬಿದ್ದುಹೋಗುತ್ತಿದ್ದವು. 2002ರ ತಿದ್ದುಪಡಿ ಅದನ್ನು ಸಡಿಲಿಸಿದೆ. ನೋಟಿಸಿನಲ್ಲಿ ದಿನ ಕಡಿಮೆ ಬರೆದಿದ್ದರೂ, ಕಾನೂನಿನ ಅವಧಿ ಮುಗಿದ ಮೇಲೆ ದಾವೆ ಹಾಕಿದ್ದರೆ ಆ ಒಂದು ಕಾರಣಕ್ಕೆ ನೋಟಿಸ್ ಬೀಳುವುದಿಲ್ಲ. ಹಾಗಿದ್ದರೂ 30 ದಿನ ಕೊಡಿ. ನೋಡುವವರಿಗೂ ನ್ಯಾಯ ಅನಿಸುತ್ತದೆ, ಲೆಕ್ಕವೂ ತಪ್ಪುವುದಿಲ್ಲ.

ನೋಟಿಸಿನಲ್ಲಿ ಮನೆಯ ಪೂರ್ತಿ ವಿವರ, ನೀವು ಹೇಗೆ ಮಾಲೀಕರಾದಿರಿ ಎಂಬುದು, ಬಾಡಿಗೆ ಮತ್ತು ಅಡ್ವಾನ್ಸ್ ಮೊತ್ತ, "ಬಾಡಿಗೆಯನ್ನು ಕೊನೆಗೊಳಿಸುತ್ತಿದ್ದೇನೆ" ಎಂಬ ಸ್ಪಷ್ಟ ಮಾತು, ಖಾಲಿ ಮಾಡಬೇಕಾದ ದಿನಾಂಕ, ಆಮೇಲೂ ಉಳಿದರೆ ದಿನಕ್ಕೋ ತಿಂಗಳಿಗೋ ಇಷ್ಟು ನಷ್ಟ ಪರಿಹಾರ ಎಂಬುದು ಇರಲಿ. ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದರೆ ಇಬ್ಬರ ಪರವಾಗಿಯೂ ಹೋಗಲಿ. ಇಲ್ಲದ ಕಾರಣಗಳನ್ನು ಸೇರಿಸಬೇಡಿ. ಬಾಡಿಗೆ ಕಾಯ್ದೆಯ ಹೊರಗಿನ ಮನೆಗೆ ಕಾರಣವೇ ಬೇಕಿಲ್ಲ. ಸುಳ್ಳು ಕಾರಣ ಬರೆದರೆ ಅದನ್ನು ಸಾಬೀತು ಮಾಡುವ ಹೊರೆ ನಿಮ್ಮ ತಲೆಗೇ ಬರುತ್ತದೆ.

ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳಿಸಿ, ಲಕೋಟೆ ರಸೀದಿ ಎಲ್ಲ ಜೋಪಾನ ಮಾಡಿ. "ತೆಗೆದುಕೊಳ್ಳಲು ನಿರಾಕರಿಸಿದ್ದಾರೆ" ಅಂತ ಷರಾ ಬಿದ್ದು ವಾಪಸ್ ಬಂದರೆ ಗಾಬರಿ ಬೇಡ. ಸರಿಯಾದ ವಿಳಾಸಕ್ಕೆ ಕಳಿಸಿದ್ದರೆ ತಲುಪಿದೆ ಅಂತಲೇ ಕೋರ್ಟ್ ಸಾಮಾನ್ಯವಾಗಿ ಭಾವಿಸುತ್ತದೆ. ಆ ಲಕೋಟೆಯನ್ನು ಒಡೆಯದೆ ಹಾಗೇ ಇಡಿ. ವಾಟ್ಸ್ಆ್ಯಪ್‌ನಲ್ಲೂ ಒಂದು ಪ್ರತಿ ಕಳಿಸಿ, ಆದರೆ ಅದನ್ನೊಂದನ್ನೇ ನಂಬಬೇಡಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ನೋಟಿಸ್ ಅವಧಿ ಮುಗಿದ ಮೇಲೆ ಬಾಡಿಗೆದಾರರು ಎಂದಿನಂತೆ ಬಾಡಿಗೆ ಹಾಕುತ್ತಾರೆ, ಮಾಲೀಕರು ಸುಮ್ಮನೆ ತೆಗೆದುಕೊಳ್ಳುತ್ತಾರೆ. ಆಮೇಲೆ "ಬಾಡಿಗೆ ತಗೊಂಡು ನೋಟಿಸನ್ನು ನೀವೇ ಬಿಟ್ಟುಕೊಟ್ಟಿರಿ" ಎಂಬ ವಾದ ಬರುತ್ತದೆ. 113ನೇ ಕಲಂ ಇದಕ್ಕೆ ಜಾಗ ಕೊಡುತ್ತದೆ. ಹಣ ಬಂದರೆ ಕೂಡಲೇ "ಇದನ್ನು ಬಾಡಿಗೆಯಾಗಿ ಅಲ್ಲ, ಮನೆ ಬಳಸುತ್ತಿರುವುದಕ್ಕೆ ನಷ್ಟ ಪರಿಹಾರವಾಗಿ, ನನ್ನ ಹಕ್ಕುಗಳನ್ನು ಉಳಿಸಿಕೊಂಡು ಪಡೆದಿದ್ದೇನೆ" ಅಂತ ಬರೆದು ಕಳಿಸಿ. ಬಾಡಿಗೆ ಹೆಚ್ಚಿಸಿ ಹೊಸ ಮಾತುಕತೆ ಆಡಲೇಬೇಡಿ.

ನೋಟಿಸ್ ಜೊತೆಗೇ ಕೇವಿಯಟ್ ಹಾಕಿಸಿ. ನಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡಬೇಡಿ ಅಂತ ಕೋರ್ಟಿಗೆ ಮೊದಲೇ ಕೊಡುವ ಅರ್ಜಿ ಅದು. 90 ದಿನ ಅದಕ್ಕೆ ಜೀವ.

ಹಂತ 7: ಇವನ್ನು ಮಾತ್ರ ಮಾಡಬೇಡಿ

ಕರೆಂಟು ತೆಗೆಸುವುದು, ನೀರು ನಿಲ್ಲಿಸುವುದು, ಅವರು ಊರಿಗೆ ಹೋದಾಗ ಬೀಗ ಬದಲಾಯಿಸುವುದು, ಸಾಮಾನು ಹೊರಗೆ ಹಾಕುವುದು, ನಾಲ್ಕು ಜನರನ್ನು ಕರೆತಂದು ಹೆದರಿಸುವುದು. ಕರಾರಿನ ಅವಧಿ ಮುಗಿದಿದ್ದರೂ, ಬಾಡಿಗೆ ಬಾಕಿ ಇದ್ದರೂ, ನಿಮ್ಮ ಹಕ್ಕು ನೂರಕ್ಕೆ ನೂರು ಸರಿ ಇದ್ದರೂ ಇದು ಕಾನೂನು ಒಪ್ಪದ ದಾರಿ.

ಹೀಗೆ ಹೊರಗೆ ಹಾಕಿಸಿಕೊಂಡ ಬಾಡಿಗೆದಾರರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಆರು ತಿಂಗಳೊಳಗೆ ದಾವೆ ಹಾಕಬಹುದು. ಅಲ್ಲಿ ಮಾಲೀಕರು ಯಾರು ಎಂಬ ಪ್ರಶ್ನೆಯೇ ಬರುವುದಿಲ್ಲ. ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿದಿರಾ ಎಂಬುದಷ್ಟೇ ಪ್ರಶ್ನೆ. ಸ್ವಾಧೀನ ಮತ್ತೆ ಅವರಿಗೆ ಹೋಗುತ್ತದೆ, ಮೇಲೆ ನಿಮ್ಮ ಮೇಲೆ ಕ್ರಿಮಿನಲ್ ದೂರು ಬೇರೆ. ಪೊಲೀಸ್ ಠಾಣೆಗೆ ಹೋಗಿ "ಖಾಲಿ ಮಾಡಿಸಿಕೊಡಿ" ಅಂತ ಕೇಳುವುದರಲ್ಲೂ ಪ್ರಯೋಜನವಿಲ್ಲ. ಕೋರ್ಟ್ ಆದೇಶ ಇಲ್ಲದೆ ಮನೆ ಬಿಡಿಸುವ ಅಧಿಕಾರ ಅವರಿಗಿಲ್ಲ.

ಇನ್ನೊಂದು ಕಡೆಯ ಭಯವನ್ನೂ ಕಳೆದುಬಿಡುತ್ತೇನೆ. "12 ವರ್ಷ ಇದ್ದರೆ ಮನೆ ಬಾಡಿಗೆದಾರರದ್ದೇ ಆಗಿಬಿಡುತ್ತಂತೆ" ಎಂಬ ಮಾತು ಊರೆಲ್ಲ ಓಡಾಡುತ್ತದೆ. ಬಾಡಿಗೆದಾರರು ಇರುವುದು ಮಾಲೀಕರ ಒಪ್ಪಿಗೆಯಿಂದ. ಬಾಡಿಗೆದಾರರಾಗಿಯೇ ಎಷ್ಟು ವರ್ಷ ಇದ್ದರೂ ಅವರು ಮಾಲೀಕರಾಗುವುದಿಲ್ಲ. ನೀವು ಗಮನಿಸಬೇಕಾದ 12 ವರ್ಷ ಬೇರೆಯದು. ಬಾಡಿಗೆ ಕೊನೆಗೊಂಡ ದಿನದಿಂದ 12 ವರ್ಷದೊಳಗೆ ಸ್ವಾಧೀನಕ್ಕೆ ದಾವೆ ಹಾಕಬೇಕು.

ಹಂತ 8: ದಾವೆ

ನೋಟಿಸ್ ಅವಧಿ ಮುಗಿದ ಮೇಲೆ ದಾವೆ. ಬೆಂಗಳೂರಿನಲ್ಲಿ ಮಾಲೀಕ ಮತ್ತು ಬಾಡಿಗೆದಾರರ ನಡುವಿನ ಇಂಥ ದಾವೆಗಳನ್ನು ಸಾಮಾನ್ಯವಾಗಿ ಸ್ಮಾಲ್ ಕಾಸಸ್ ಕೋರ್ಟ್, ಅಂದರೆ ಲಘು ವ್ಯವಹಾರಗಳ ನ್ಯಾಯಾಲಯ ನಡೆಸುತ್ತದೆ. ಕೋರ್ಟ್ ಶುಲ್ಕ ಮನೆಯ ಮಾರುಕಟ್ಟೆ ಬೆಲೆಯ ಮೇಲಲ್ಲ, ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ. ಆದ್ದರಿಂದ ಕೋಟಿ ಬೆಲೆಯ ಮನೆ ಅಂತ ಶುಲ್ಕಕ್ಕೆ ಹೆದರಬೇಕಾಗಿಲ್ಲ.

ಒದಗಿಸಬೇಕಾದ ಕಾಗದಗಳು: ಕ್ರಯಪತ್ರ, ಖಾತಾ, ತೆರಿಗೆ ರಸೀದಿ, ಇ.ಸಿ., ಹಳೆಯ ಬಾಡಿಗೆ ಕರಾರು, ಹಂತ 4ರ ಪತ್ರಗಳು, ಬಾಡಿಗೆ ಬಂದ ಬ್ಯಾಂಕ್ ವಿವರ, ನೋಟಿಸ್ ಮತ್ತು ಅಂಚೆ ದಾಖಲೆ.

ಮೂರು ಪರಿಹಾರ ಒಟ್ಟಿಗೆ ಕೇಳಿ: ಮನೆಯ ಸ್ವಾಧೀನ, ಬಾಕಿ ಬಾಡಿಗೆ, ಮಧ್ಯಂತರ ಲಾಭ. ಕೊನೆಯದೆಂದರೆ ಬಾಡಿಗೆ ಕೊನೆಗೊಂಡ ಮೇಲೂ ಮನೆ ಬಿಡದೆ ಉಳಿದ ಕಾಲಕ್ಕೆ ಕೊಡಬೇಕಾದ ಪರಿಹಾರ. ಅದನ್ನು ಮಾರುಕಟ್ಟೆ ದರದಲ್ಲಿ ಕೇಳಬಹುದು, ಹಳೆಯ ಬಾಡಿಗೆಯ ದರಕ್ಕೇ ಕಟ್ಟುಬೀಳಬೇಕಿಲ್ಲ.

ಎದುರಿನವರು ತಮ್ಮ ಹೇಳಿಕೆಯಲ್ಲಿ ಬಾಡಿಗೆದಾರರು ಹೌದು, ಬಾಡಿಗೆ ಇಷ್ಟು ಹೌದು, ನೋಟಿಸ್ ಬಂದದ್ದೂ ಹೌದು ಅಂತ ಒಪ್ಪಿಕೊಂಡಿದ್ದರೆ, ವಿಚಾರಣೆ ಪೂರ್ತಿ ನಡೆಯುವವರೆಗೆ ಕಾಯದೆ ತೀರ್ಪು ಕೇಳುವ ಅವಕಾಶ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 12, ನಿಯಮ 6ರಲ್ಲಿದೆ. ಈ ಅರ್ಜಿ ಹಾಕಿಸಿ ಅಂತ ವಕೀಲರಿಗೆ ನೆನಪಿಸಿ. ಕೋರ್ಟ್ ಮಧ್ಯಸ್ಥಿಕೆಗೆ ಕಳಿಸಿದರೆ ಮನಸ್ಸಿಟ್ಟು ಕೂರಿ. ಕೇಸು ಹಾಕಿದ ಮೇಲೆ ರಾಜಿಗೆ ಒಪ್ಪುವವರು ಬಹಳ.

ಹೊರದೇಶದಲ್ಲಿರುವ ನಮ್ಮವರಿಗೆ ಒಂದು ಮಾತು. ಊರಲ್ಲಿರುವ ಅಣ್ಣನಿಗೋ ಭಾವನಿಗೋ ಅಧಿಕಾರ ಪತ್ರ ಕೊಟ್ಟು ದಾವೆ ನಡೆಸಬಹುದು. ಅದನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಆದರೆ ನಿಮಗೆ ಮಾತ್ರ ಗೊತ್ತಿರುವ ವಿಷಯಕ್ಕೆ ಅವರು ನಿಮ್ಮ ಬದಲಾಗಿ ಸಾಕ್ಷಿ ಹೇಳಲು ಬರುವುದಿಲ್ಲ. ಬಾಡಿಗೆದಾರರ ಜೊತೆ ಮಾತಾಡಿದ್ದು, ಪತ್ರ ಕೊಟ್ಟದ್ದು ಎಲ್ಲ ಆ ಅಧಿಕಾರ ಪತ್ರ ಇರುವವರ ಕೈಯಿಂದಲೇ ಆಗಿದ್ದರೆ ಈ ತೊಡಕು ಕಡಿಮೆ.

ಬ್ಯಾಂಕ್ ಹರಾಜಿನಲ್ಲಿ ಕೊಂಡವರ ಲೆಕ್ಕ ಬೇರೆ. ಅಲ್ಲಿ ಬಾಡಿಗೆದಾರರು ಸಾಲಕ್ಕೆ ಮುಂಚೆ ಬಂದವರೋ ಆಮೇಲೆ ಬಂದವರೋ ಎಂಬುದು ಮುಖ್ಯ. ಅವರು ಸಾಲ ವಸೂಲಾತಿ ನ್ಯಾಯಮಂಡಳಿಗೂ ಹೋಗಬಹುದು. ಹರಾಜು ಪ್ರಕಟಣೆಯಲ್ಲಿ "ಸಾಂಕೇತಿಕ ಸ್ವಾಧೀನ" ಅಂತ ಇದ್ದರೆ, ಮನೆ ಬ್ಯಾಂಕಿನ ಕೈಲಿ ಕಾಗದದ ಮೇಲೆ ಮಾತ್ರ ಇದೆ, ಒಳಗೆ ಯಾರೋ ಇದ್ದಾರೆ ಅಂತ ಅರ್ಥ.

ಹಂತ 9: ಡಿಕ್ರಿ ಬಂದ ಮೇಲೆ

ಗೆದ್ದ ದಿನವೇ ಬೀಗದ ಕೈ ಸಿಗುವುದಿಲ್ಲ. ಕೋರ್ಟ್ ಕೊಟ್ಟ ಗಡುವು ದಾಟಿದರೆ ಅಮಲ್ಜಾರಿ ಅರ್ಜಿ ಹಾಕಬೇಕು, ಅಂದರೆ ಡಿಕ್ರಿಯನ್ನು ಜಾರಿ ಮಾಡಿ ಅಂತ ಕೇಳುವ ಅರ್ಜಿ. ಕೋರ್ಟ್ ಅಮೀನರು ಬಂದು ಸ್ವಾಧೀನ ಕೊಡಿಸುತ್ತಾರೆ. ಅಡ್ಡಿ ಮಾಡಿದರೆ ಬೀಗ ಒಡೆಯಲು, ಪೊಲೀಸ್ ನೆರವು ಪಡೆಯಲು ಕೋರ್ಟಿನಿಂದಲೇ ಆದೇಶ ಪಡೆಯಬೇಕು.

ಸೋತವರು ಮೇಲಿನ ಕೋರ್ಟಿಗೆ ಹೋಗಿ ತಡೆ ಕೇಳಬಹುದು. ಆಗ ಸುಮ್ಮನಿರಬೇಡಿ. ತಡೆ ಕೊಡುವುದಾದರೆ ಮಾರುಕಟ್ಟೆ ದರಕ್ಕೆ ಸಮನಾದ ಮೊತ್ತ ಕಟ್ಟುವ ಷರತ್ತು ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದಲ್ಲಿ ಹೇಳಿದೆ. ಅದನ್ನು ಮುಂದಿಟ್ಟು ಷರತ್ತು ಕೇಳಿ. ಕಡಿಮೆ ಬಾಡಿಗೆಯಲ್ಲಿ ವರ್ಷಗಟ್ಟಲೆ ಎಳೆಯುವ ಆಸೆ ಅಲ್ಲಿಗೆ ಇಳಿಯುತ್ತದೆ.

ಮನೆ ಬಿಟ್ಟುಕೊಡುವ ದಿನ, ರಾಜಿಯಿಂದಾಗಲಿ ಡಿಕ್ರಿಯಿಂದಾಗಲಿ, ಅವರ ಎದುರಿಗೇ ಒಂದೊಂದು ಕೋಣೆಯ ಫೋಟೊ ತೆಗೆಯಿರಿ. ಕರೆಂಟು, ನೀರಿನ ಮೀಟರ್ ರೀಡಿಂಗ್ ಬರೆದುಕೊಳ್ಳಿ. ಅಡ್ವಾನ್ಸಿನಲ್ಲಿ ಬಣ್ಣಕ್ಕೆ, ಬಾಕಿಗೆ ಎಷ್ಟು ಹಿಡಿದಿರಿ ಎಂಬ ಲೆಕ್ಕವನ್ನು ಚೀಟಿಯಲ್ಲಿ ತೋರಿಸಿ, ಉಳಿದದ್ದನ್ನು ಅಂದೇ ಬ್ಯಾಂಕ್ ಮೂಲಕ ಕಳಿಸಿ. "ಮನೆಯ ಖಾಲಿ ಸ್ವಾಧೀನ ಕೊಟ್ಟಿದ್ದೇವೆ, ಎಲ್ಲ ಬೀಗದ ಕೈಗಳನ್ನೂ ಕೊಟ್ಟಿದ್ದೇವೆ, ಅಡ್ವಾನ್ಸ್ ಪಡೆದಿದ್ದೇವೆ" ಎಂಬ ಪತ್ರಕ್ಕೆ ಸಹಿ ಹಾಕಿಸಿ, ಒಂದು ಪ್ರತಿಯನ್ನು ಅವರಿಗೂ ಕೊಡಿ. ಬೀಗ ಬದಲಾಯಿಸುವುದು ಈ ಪತ್ರ ಕೈಗೆ ಬಂದ ಮೇಲೆ.